ಗದ್ದೆಯ ಇಲಿಗಳೂ ಇಲಿಜ್ವರವೂ

ಕೊಡಗಿನ ಗದ್ದೆಗಳು ಬೆಟ್ಟಗಳ ನಡುವಣ ತಗ್ಗುಗಳಲ್ಲಿ ಒಂದಕ್ಕೊಂದು ತಾಗಿಕೊಂಡಿರುವುವು. ಒಂದೇ ಬಯಲಿನಲ್ಲಿ ಹಲವು ಒಕ್ಕಗಳ ಭೂಮಿ ಸೇರಿರುವುದುಂಟು. ಇಲಿಗಳಿಗಾದರೋ ಈ ಎಲ್ಲೆಗಳು ತಿಳಿಯವು. ಒಬ್ಬ ಜಮೀನುದಾರನು ತನ್ನ ಬದುಗಳ ಬಿಲಗಳಿಗೆ ಮದ್ದಿಟ್ಟು ಇಲಿಗಳನ್ನು ಕೊಂದರೆ, ನೆರೆಗದ್ದೆಯ ಇಲಿಗಳು ಕೆಲವು ದಿನಗಳಲ್ಲಿಯೇ ಬರಿದಾದ ಬಿಲಗಳನ್ನು ಸೇರುವುವು. ಈಚೆಗೆ ಅನೇಕ ಗದ್ದೆಗಳು ಸಾಗುವಳಿಯಿಲ್ಲದೆ ಬೀಳು ಬಿದ್ದಿವೆ. ಹುಲ್ಲು ಬೆಳೆದ ಇಂತಹ ಬೀಳುಗಳೇ ಇಲಿಗಳ ತವರು. ಬೆಳೆಯಿಡದ ಒಡೆಯನು ತನಗೇನು ನಷ್ಟವೆಂದು ಸುಮ್ಮನಿರುವುದುಂಟು. ನಷ್ಟವು ಪಕ್ಕದವನದು.

ಗದ್ದೆಯ ಇಲಿಯು ತೆಂಡೆಯನ್ನು ಬುಡದಲ್ಲಿ ಕಡಿದು, ತೆನೆಗಳನ್ನು ಬಿಲದಲ್ಲಿ ಕೂಡಿಡುವುದು. ಪುತ್ತರಿಯ ರಾತ್ರಿ ಮನೆಯವರು ಕದಿರು ತೆಗೆಯುವುದಕ್ಕೆ ಮೊದಲೇ ಅದು ತನ್ನ ಪಾಲನ್ನು ತೆಗೆದಿರುವುದು. ಬದುಗಳು ತೂತಾಗಿ ನೀರು ಸೋರಿಹೋಗುವುದು ಬೇರೆ.

ಇದಕ್ಕಿಂತಲೂ ಹೆಚ್ಚಿನ ಹಾನಿಯು ಆಳುಗಳ ಪ್ರಾಣಕ್ಕೆ ಸಂಬಂಧಪಟ್ಟುದು. ಇಲಿಜ್ವರದ ರೋಗಾಣುವು ಇಲಿಯ ಮೂತ್ರದೊಡನೆ ನಿಂತ ನೀರನ್ನು ಸೇರಿ, ಕಾಲಿನ ಗಾಯ ಅಥವಾ ಬಿರುಕುಗಳ ಮೂಲಕ ಮೈಯನ್ನು ಹೊಗುವುದು. 2018ರ ಮಹಾಮಳೆಯ ತರುವಾಯ ನೆರೆಯ ಕೇರಳದಲ್ಲಿ ಈ ರೋಗವು ಬಹುಜನರನ್ನು ಪೀಡಿಸಿತು. ಜ್ವರ, ಮೀನಖಂಡಗಳ ತೀವ್ರ ನೋವು, ಕಣ್ಣು ಕೆಂಪಾಗುವುದು ಇದರ ಲಕ್ಷಣಗಳು. ತಡವಾದರೆ ಕಾಮಾಲೆಯಾಗಿ ಮೂತ್ರಪಿಂಡಗಳು ಕೆಡುವುವು. ನಾಟಿಗೆ ಇಳಿದವನಿಗೆ ಜ್ವರ ಬಂದರೆ ಕಷಾಯದಲ್ಲಿ ದಿನ ಕಳೆಯದೆ ಕೂಡಲೇ ಆಸ್ಪತ್ರೆಗೆ ಕಳುಹಿಸಿ, ಕೆಸರಿನಲ್ಲಿ ಕೆಲಸ ಮಾಡಿದ ಸಂಗತಿಯನ್ನು ವೈದ್ಯರಿಗೆ ತಿಳಿಸತಕ್ಕದ್ದು. ಆರಂಭದಲ್ಲಿಯೇ ಔಷಧ ದೊರೆತರೆ ರೋಗವು ಸಾಮಾನ್ಯವಾಗಿ ಗುಣವಾಗುವುದು.

ಆದುದರಿಂದ ಇಡೀ ಬಯಲಿನಲ್ಲಿ ಒಂದೇ ವೇಳೆ ಕೆಲಸ ನಡೆಯಬೇಕು. ಇದಕ್ಕೆ ದಿನವನ್ನು ಗೊತ್ತುಮಾಡಲು ಊರಿನ ತಕ್ಕರೂ ಪಂಚಾಯತಿಯವರೂ ಸಮರ್ಥರು. ನಾಟಿ ಮುಗಿದು ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಮುಹೂರ್ತದ ಬಳಿಕ, ಪೈರು ಹೊಡೆಯೊಡೆಯುವುದಕ್ಕೆ ಮುಂಚೆ, ಮಳೆ ಬಿಟ್ಟ ದಿನಗಳು ತಕ್ಕ ಕಾಲ. ಕೊಡಗಿನವರು ಆ ಹಬ್ಬದಲ್ಲಿ ಪೂಜಿಸುವ ಕೋವಿಯು ಈ ಶತ್ರುವಿಗೆ ನಿರುಪಯೋಗಿ. ಸಂಜೆ ಬಿಲಗಳನ್ನೆಲ್ಲಾ ಮಣ್ಣಿನಿಂದ ಮುಚ್ಚಿ, ಮರುದಿನ ತೆರೆದವುಗಳನ್ನು ಮಾತ್ರ ಗುರುತಿಸಬೇಕು. ಅವುಗಳಲ್ಲಿ ಎರಡು ಮೂರು ದಿನ ಎಣ್ಣೆ ಸವರಿದ ನುಚ್ಚನ್ನು ವಿಷವಿಲ್ಲದೆ ಇಟ್ಟು ಇಲಿಗಳಿಗೆ ರುಚಿ ಹತ್ತಿಸಬೇಕು. ಅನಂತರ 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಜಿಂಕ್ ಫಾಸ್ಫೈಡ್ ಬೆರೆಸಿ, ಸುಮಾರು 10 ಗ್ರಾಮಿನಂತೆ ಕಾಗದದಲ್ಲಿ ಕಟ್ಟಿ ಬಿಲದೊಳಗೆ ಇಟ್ಟು ಬಾಯಿ ಮುಚ್ಚತಕ್ಕದ್ದು. ಈ ವಿಷಕ್ಕೆ ಪ್ರತ್ಯೌಷಧವಿಲ್ಲ. ಕೋಲಿನಿಂದ ಕಲಸಬೇಕೇ ಹೊರತು ಕೈಯಿಂದಲ್ಲ. ಕಲಸುವಾಗ ಮೂಗು ಬಾಯಿಗಳನ್ನು ಮುಚ್ಚಿಕೊಂಡಿರಬೇಕು. ಮಕ್ಕಳನ್ನೂ ನಾಯಿಗಳನ್ನೂ ದೂರವಿರಿಸಬೇಕು. ಅರೆವಿಷ ತಿಂದು ಬದುಕಿದ ಇಲಿಯು ಮತ್ತೆ ಅದನ್ನು ಮುಟ್ಟದಾದ್ದರಿಂದ, ಉಳಿದ ಬಿಲಗಳಿಗೆ ಬ್ರೊಮಾಡಿಯೊಲೋನ್ ಬಿಲ್ಲೆಗಳನ್ನು ಇಡುವುದು ಮೇಲು. ಸತ್ತವುಗಳನ್ನು ಬರಿಗೈಯಿಂದ ಮುಟ್ಟದೆ ಆಳವಾಗಿ ಹೂಳತಕ್ಕದ್ದು.

ಬದುಗಳನ್ನು ಕಿರಿದಾಗಿ ಕಟ್ಟಿದರೆ ಬಿಲ ತೋಡಲು ಎಡೆ ಕಡಮೆ. ಬೀಳುಗದ್ದೆಯ ಹುಲ್ಲನ್ನು ಅದರ ಒಡೆಯನೇ ಸವರಿಸಬೇಕು. ಅವನು ದೂರದ ಊರಿನಲ್ಲಿದ್ದರೆ ಬಯಲಿನವರು ಕೂಡಿ ಸವರಿ, ಕೂಲಿಯನ್ನು ಅವನಿಂದ ಕೇಳಿ ಪಡೆಯುವುದು ನ್ಯಾಯವೇ ಸರಿ.