ಕೂತು ಓಡಿಸುವ ಲಾನ್ ಮೋವರ್: ಕೊಳ್ಳುವ ಮುನ್ನ ಬಗ್ಗಿ ನೋಡಿ

ಮಳೆಗಾಲಕ್ಕೆ ತಿಂಗಳಿದೆ ಎನ್ನುವಾಗ ಈ ವಿಚಾರಣೆ ಶುರುವಾಗುತ್ತದೆ. ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಮದುವೆ ಲಾನ್ ನಡೆಸುವ ನಮ್ಮ ಹೋಟೆಲಿನವರು, ಕರ್ಜತ್ ಕಡೆ ಫಾರ್ಮ್‌ಹೌಸ್ ಮಾಡಿಕೊಂಡವರು, ಮೈದಾನವಿರುವ ಶಾಲೆಯ ಟ್ರಸ್ಟಿಗಳು, ಎಲ್ಲರೂ ಕೇಳುವುದು ಒಂದೇ: ‘ಎಷ್ಟು ಎಚ್‌ಪಿಯದ್ದು ತಗೊಳ್ಳಲಿ?’ ಎಚ್‌ಪಿ ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದ್ದನ್ನು ಕೇಳದೆ ಲಕ್ಷಗಟ್ಟಲೆ ಸುರಿದು, ಮೂರನೇ ಮಳೆಗಾಲಕ್ಕೆ ಯಂತ್ರವನ್ನು ಟಾರ್ಪಾಲಿನಡಿ ಮಲಗಿಸಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ಹಿನ್ನೆಲೆ ಎರಡೇ ಮಾತಿನಲ್ಲಿ. ಹುಲ್ಲು ಕತ್ತರಿಸುವ ಯಂತ್ರವನ್ನು 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ರೂಪಿಸಿದ. ಬಟ್ಟೆ ಗಿರಣಿಯಲ್ಲಿ ಉಣ್ಣೆಯ ನವಿರನ್ನು ಸವರುವ ಯಂತ್ರ ನೋಡಿ ಅವನಿಗೆ ಇದು ಹೊಳೆಯಿತಂತೆ. ಮುಂಬೈಯ ಬೈಕುಲ್ಲಾ-ಲಾಲ್‌ಬಾಗ್‌ನ ಗಿರಣಿ ಕಾಲ ಕಂಡವರಿಗೆ ಈ ನೆಂಟಸ್ತಿಕೆ ಹಿಡಿಸಬಹುದು. ಉರುಳೆಯಂತೆ ಸುತ್ತುವ ಆ ಬ್ಲೇಡು ಇಂದಿಗೂ ಕ್ರಿಕೆಟ್ ಮೈದಾನಗಳಲ್ಲಿದೆ. ನಾವು ಕೂತು ಓಡಿಸುವ ಗಾಡಿಗಳಲ್ಲಿ ಇರುವುದು ಫ್ಯಾನಿನ ಹಾಗೆ ಅಡ್ಡಡ್ಡ ಸುತ್ತುವ ರೋಟರಿ ಬ್ಲೇಡು. ಇಷ್ಟು ಗೊತ್ತಿದ್ದರೆ ಸಾಕು.

ಬೇಕೇ ಬೇಕಾ?

ಬೈಕುಲ್ಲಾದ ಯಾವ ಹೌಸಿಂಗ್ ಸೊಸೈಟಿಗೂ ಇದು ಬೇಕಿಲ್ಲ. ಹಿಂದೆ ಇಲ್ಲಿ ಕುದುರೆ ರೇಸ್ ನಡೆಯುತ್ತಿತ್ತು, ಅದು 1883ರಲ್ಲಿ ಮಹಾಲಕ್ಷ್ಮಿಗೆ ಹೋಯಿತು; ಈಗ ಈ ಭಾಗದಲ್ಲಿ ಕೂತು ಹುಲ್ಲು ಕತ್ತರಿಸುವಷ್ಟು ಜಾಗವೆಂದರೆ ರಾಣಿಬಾಗ್. ಅದು ಪಾಲಿಕೆಯವರ ತಲೆನೋವು, ನಿಮ್ಮದಲ್ಲ. ಆದರೂ ಕಮಿಟಿ ಮೀಟಿಂಗಿನಲ್ಲಿ ಯಾರೋ ಮೊಬೈಲಿನಲ್ಲಿ ವಿಡಿಯೊ ತೋರಿಸುತ್ತಾರೆ, ಠರಾವು ಪಾಸಾಗುತ್ತದೆ.

ಲೆಕ್ಕ ಹೀಗೆ ಹಾಕಿ. ಒಂದು ಗುಂಟೆ ಅಂದರೆ 1089 ಚದರಡಿ. ಹಿಂದೆ ನಡೆದುಕೊಂಡು ತಳ್ಳುವ 18 ಇಂಚಿನ ಪೆಟ್ರೋಲ್ ಮೋವರ್‌ನಲ್ಲಿ ಮಾಲಿಯೊಬ್ಬ ಗಂಟೆಗೆ ಸುಮಾರು 10 ಗುಂಟೆ ಮುಗಿಸುತ್ತಾನೆ. 40 ಇಂಚಿನ ಕೂತು ಓಡಿಸುವ ಗಾಡಿ ಗಂಟೆಗೆ ಎಕರೆಗೆ ಹತ್ತಿರ ಹೋಗುತ್ತದೆ, ನಡುವೆ ಮರ, ಕಾರಂಜಿ, ಕಲ್ಲುಬೆಂಚು ಇಲ್ಲದಿದ್ದರೆ. ಹಾಗಾಗಿ 20 ಗುಂಟೆಗಿಂತ ಕಡಿಮೆ ಹುಲ್ಲುಹಾಸಿದ್ದರೆ ಈ ಲೇಖನ ಇಲ್ಲಿಗೇ ಬಿಟ್ಟು ಒಳ್ಳೆಯದೊಂದು ತಳ್ಳುವ ಮೋವರ್ ತನ್ನಿ. ಅಳೆಯುವಾಗ ಹುಲ್ಲನ್ನು ಮಾತ್ರ ಅಳೆಯಿರಿ. ಪಾರ್ಕಿಂಗ್, ಮಂಟಪ, ಈಜುಕೊಳ ಸೇರಿಸಿ ‘ನಮ್ದು ಒಂದೆಕರೆ’ ಅನ್ನುವವರೇ ಹೆಚ್ಚು.

ಊರಿನ ಅಡಿಕೆ ತೋಟಕ್ಕೆ ಕಳಿಸೋಣ ಎಂದುಕೊಂಡವರಿಗೆ ಒಂದೇ ಮಾತು: ಬೇಡ. ತೋಟದ ಕಳೆಗೆ ಹೆಗಲಿಗೆ ಹಾಕಿಕೊಳ್ಳುವ ಕಳೆ ಕತ್ತರಿಸುವ ಯಂತ್ರವೇ ಸರಿ. ಉಡುಪಿ, ಪುತ್ತೂರು ಕಡೆಯ ಮುರಕಲ್ಲಿನ ತುಂಡೊಂದು ಬ್ಲೇಡಿಗೆ ಸಿಕ್ಕಿದರೆ ಬ್ಲೇಡಷ್ಟೇ ಅಲ್ಲ, ಅದನ್ನು ಹಿಡಿದಿರುವ ಸ್ಪಿಂಡಲ್ಲೂ ಹೋಗುತ್ತದೆ. ಇಳಿಜಾರು ಇನ್ನೂ ಕೆಟ್ಟದ್ದು. ಹೆಚ್ಚಿನ ತಯಾರಕರು 15 ಡಿಗ್ರಿಗಿಂತ ಕಡಿದಾದ ಕಡೆ ಓಡಿಸಬೇಡಿ ಎಂದು ಕೈಪಿಡಿಯಲ್ಲೇ ಬರೆದಿರುತ್ತಾರೆ, ಕೆಲವರು 10 ಡಿಗ್ರಿಗೇ ನಿಲ್ಲಿಸುತ್ತಾರೆ. ಹತ್ತು ಅಡಿ ದೂರಕ್ಕೆ ಎರಡೂಮುಕ್ಕಾಲು ಅಡಿ ಏರಿದರೆ ಅದು ಹೆಚ್ಚುಕಡಿಮೆ 15 ಡಿಗ್ರಿ. ಹಗ್ಗ, ಟೇಪು ಹಿಡಿದು ಅಳೆಯಿರಿ, ಕಣ್ಣಂದಾಜು ಇಲ್ಲಿ ನಡೆಯದು. ಗಾಡಿ ಮಗುಚಿದರೆ ಕೆಳಗೆ ಸಿಗುವುದು ಓಡಿಸುವವನ ಕಾಲು.

ಗೇಟಿನ ಅಗಲವನ್ನೂ ಅಳೆಯಿರಿ. 42 ಇಂಚಿನ ಡೆಕ್ (ಬ್ಲೇಡುಗಳ ಮುಚ್ಚಳ) ಇದ್ದರೆ ಪಕ್ಕದ ಹುಲ್ಲು ಚೆಲ್ಲುವ ಬಾಯಿ ಸೇರಿ ಗಾಡಿ ಅದಕ್ಕಿಂತ ಅಗಲವಾಗಿರುತ್ತದೆ.

ಯಾವ ಬಗೆ?

ಮೂರು ಬಗೆ. ಮುಂದೆ ಎಂಜಿನ್ ಇರುವ ಪುಟ್ಟ ಟ್ರ್ಯಾಕ್ಟರಿನಂಥದ್ದು, ಸೀಟಿನ ಹಿಂದೆ ಎಂಜಿನ್ ಇರುವ ಚಿಕ್ಕದ್ದು, ನಿಂತಲ್ಲೇ ತಿರುಗುವ ಝೀರೋ-ಟರ್ನ್. ಝೀರೋ-ಟರ್ನ್ ನೋಡಲು ಚಂದ, ಆದರೆ ಒದ್ದೆ ಮಣ್ಣಿನಲ್ಲಿ ತಿರುಗಿಸಿದ ಕಡೆಯೆಲ್ಲ ಹುಲ್ಲನ್ನು ಬೇರುಸಮೇತ ಕೀಳುತ್ತದೆ. ನಮ್ಮ ಕಡೆಗೆ ಟ್ರ್ಯಾಕ್ಟರ್ ಬಗೆಯೇ ಸಾಕು.

ಗೇರೋ ಹೈಡ್ರೋಸ್ಟಾಟಿಕ್ಕೋ? ಪೆಡಲ್ ಒತ್ತಿದರೆ ಮುಂದೆ, ಇನ್ನೊಂದು ಒತ್ತಿದರೆ ಹಿಂದೆ ಹೋಗುವುದು ಹೈಡ್ರೋಸ್ಟಾಟಿಕ್. ಮಾಲಿಗಳು ಬದಲಾಗುತ್ತಲೇ ಇರುವ ಕಡೆ ಕಲಿಸುವ ಕಷ್ಟ ಕಡಿಮೆ. ಕೆಟ್ಟರೆ ಮಾತ್ರ ಇಡೀ ಡಬ್ಬಿಯನ್ನೇ ಬದಲಿಸಬೇಕಾದೀತು. ಕಾಸು ಬಿಗಿಯಿದ್ದು ಓಡಿಸುವವನು ಒಬ್ಬನೇ ಆಗಿದ್ದರೆ ಗೇರಿನದ್ದು ತಗೊಳ್ಳಿ, ಟೂ-ವೀಲರ್ ಮೆಕ್ಯಾನಿಕ್ಕೂ ಬಿಚ್ಚಿ ನೋಡಬಲ್ಲ.

ಬಾನೆಟ್ ಮೇಲಿನ ಕಂಪನಿಗಿಂತ ಒಳಗಿನ ಎಂಜಿನ್ ಯಾರದ್ದು ಎಂಬುದನ್ನು ಮೊದಲು ಓದಿ. ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್, ಕೋಹ್ಲರ್, ಕವಾಸಾಕಿ ಎಂಜಿನ್‌ಗಳು ಹತ್ತಾರು ಬಣ್ಣದ ಬಾನೆಟ್‌ಗಳ ಅಡಿಯಲ್ಲಿ ಕೂತಿರುತ್ತವೆ. ಎಂಜಿನ್ ಹೆಸರಾಂತದ್ದಾದರೆ ಗಾಡಿಯ ಕಂಪನಿ ನಾಳೆ ಅಂಗಡಿ ಮುಚ್ಚಿದರೂ ಫಿಲ್ಟರು, ಪ್ಲಗ್ಗು, ಕಾರ್ಬ್ಯುರೇಟರ್ ಸಿಗುತ್ತವೆ. ಸಿಗದೆ ಕೈಕೊಡುವುದು ಡೆಕ್ಕಿನ ಭಾಗಗಳು. ಆದ್ದರಿಂದ ದುಡ್ಡು ಕೊಡುವ ಮೊದಲೇ ಬ್ಲೇಡು, ಡೆಕ್ ಬೆಲ್ಟು, ಸ್ಪಿಂಡಲ್, ಈ ಮೂರರ ಪಾರ್ಟ್ ನಂಬರು ಬರೆದುಕೊಂಡು, ‘ಇವತ್ತು ಸ್ಟಾಕಿನಲ್ಲಿದೆಯಾ?’ ಎಂದು ಡೀಲರನ್ನು ಕೇಳಿ. ‘ತರಿಸಿಕೊಡ್ತೀವಿ’ ಎಂಬುದನ್ನು ‘ಇಲ್ಲ’ ಎಂದೇ ಬರೆದುಕೊಳ್ಳಿ. ಬೇರಿಂಗು ನಾಗ್‌ದೇವಿ ಸ್ಟ್ರೀಟಿನಲ್ಲಿ ನಂಬರ್ ಹೇಳಿದರೆ ಸಿಗುತ್ತದೆ. ಬೆಲ್ಟೂ ಅಳತೆಗೆ ಸಿಗುತ್ತದೆ, ಆದರೆ ಮೋವರ್‌ನ ಬೆಲ್ಟು ಕ್ಲಚ್ಚಿನ ಕೆಲಸವನ್ನೂ ಮಾಡುತ್ತದೆ. ಹಿಟ್ಟಿನ ಗಿರಣಿಯ ಬೆಲ್ಟು ಹಾಕಿದರೆ ಬಾಳದು.

ಹುಲ್ಲು ಚೀಲಕ್ಕೆ ತುಂಬುವ ಬಗೆ, ಪುಡಿ ಮಾಡಿ ಅಲ್ಲೇ ಉದುರಿಸುವ ಮಲ್ಚಿಂಗ್ ಬಗೆ ಎಂದೆಲ್ಲ ಹೇಳುತ್ತಾರೆ. ಜುಲೈ ತಿಂಗಳ ಮುಂಬೈ ಹುಲ್ಲಿಗೆ ಎರಡೂ ಕಟ್ಟಿಕೊಳ್ಳುತ್ತವೆ. ಪಕ್ಕಕ್ಕೆ ಚೆಲ್ಲುವುದೇ ನಮಗೆ ಸರಿ, ಗುಡಿಸಲು ಆಳಿದ್ದಾನಲ್ಲ.

ಹಳೆಯದು ಕೊಳ್ಳುವವರಿಗೆ

ಹೊಸದರ ಬೆಲೆಗೆ ಎರಡು-ಮೂರು ಸ್ಕೂಟರ್ ಬರುತ್ತವೆ. ಹಾಗಾಗಿ ಹೆಚ್ಚಿನವರು ಕೈಬದಲಾದದ್ದನ್ನು ಹುಡುಕುತ್ತಾರೆ, ಅದರಲ್ಲಿ ತಪ್ಪಿಲ್ಲ. ತಪ್ಪಿರುವುದು ನೋಡುವ ಕ್ರಮದಲ್ಲಿ. ಬಾನೆಟ್ ಎತ್ತುತ್ತಾರೆ, ಸ್ಟಾರ್ಟ್ ಮಾಡಿಸುತ್ತಾರೆ, ಸದ್ದು ಕೇಳಿ ತಲೆಯಾಡಿಸುತ್ತಾರೆ, ಗಂಟೆ ತೋರಿಸುವ ಮೀಟರ್ ನೋಡಿ ‘ಬರೀ 60 ಗಂಟೆ ಓಡಿದೆ!’ ಎಂದು ಹಿಗ್ಗುತ್ತಾರೆ.

ಆ 60 ಗಂಟೆಗೆ ಹಿಗ್ಗುವಂಥದ್ದೇನಿಲ್ಲ. ಒಂದೆಕರೆ ಲಾನಿಗೆ ಮಳೆಗಾಲದಲ್ಲಿ ವಾರಕ್ಕೊಮ್ಮೆ, ಉಳಿದಂತೆ ಹದಿನೈದು ದಿನಕ್ಕೊಮ್ಮೆ ಎಂದರೂ ವರ್ಷಕ್ಕೆ 35-40 ಗಂಟೆ ಓಟ. ಹತ್ತು ವರ್ಷಕ್ಕೆ 400 ಗಂಟೆ. ಎಣ್ಣೆ ಸರಿಯಾಗಿ ಬದಲಿಸಿದ ಎಂಜಿನ್‌ಗೆ ಅದು ಭಾರವಲ್ಲ. ಆರು ವರ್ಷದಲ್ಲಿ 60 ಗಂಟೆ ಓಡಿದೆ ಎಂದರೆ ಉಳಿದ ಹೊತ್ತೆಲ್ಲ ಉಪ್ಪುಗಾಳಿಯಲ್ಲಿ ನಿಂತಿತ್ತು ಎಂದರ್ಥ. ಮುಂಬೈಯಲ್ಲಿ ಈ ಯಂತ್ರ ಓಡಿ ಸವೆಯುವುದಲ್ಲ, ನಿಂತು ಕೆಡುವುದು. ಕೆಡುವುದು ಶುರುವಾಗುವುದೂ ಯಾರೂ ನೋಡದ ಕಡೆ, ಡೆಕ್ಕಿನ ಅಡಿಯಲ್ಲಿ.

ಡೆಕ್ ಅಂದರೆ ಬ್ಲೇಡುಗಳನ್ನು ಮುಚ್ಚಿರುವ, ಬೋರಲು ಹಾಕಿದ ತಗಡಿನ ತಟ್ಟೆ. ಒದ್ದೆ ಹುಲ್ಲು ಅದರ ಒಳಮೈಗೆ ರೊಟ್ಟಿಯಂತೆ ಅಂಟಿ ಒಣಗುತ್ತದೆ. ಮೇಲ್ಮೈ ಒಣಗಿದರೂ ತಗಡಿಗೆ ತಾಗಿದ ಪದರ ವಾರಗಟ್ಟಲೆ ಹಸಿಯಾಗಿಯೇ ಇದ್ದು, ಅಲ್ಲಿ ತುಕ್ಕು ತಗಡನ್ನು ತಿನ್ನುತ್ತದೆ. ಮೇಲಿನಿಂದ ನೋಡಿದರೆ ಕಿತ್ತಳೆಯೋ ಹಸಿರೋ ಪೇಂಟು ಫಳಫಳ ಹೊಳೆಯುತ್ತಿರುತ್ತದೆ.

ಹೀಗೆ ನೋಡಿ. ಕೀಲಿ ತೆಗೆದು ಜೇಬಿಗೆ ಹಾಕಿ. ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಿ. ಮುಂಭಾಗವನ್ನು ಹಲಗೆಯ ಮೇಲೆ ಹತ್ತಿಸಿ ಅಥವಾ ಜಾಕ್ ಕೊಟ್ಟು, ಅಡಿಗೆ ಮರದ ದಿಮ್ಮಿ ಇಡಿ, ಹಿಂದಿನ ಗಾಲಿಗೆ ಇಟ್ಟಿಗೆ ಕೊಡಿ. ಟಾರ್ಚ್ ಹಿಡಿದು ನೆಲಕ್ಕೆ ಒರಗಿ. ಮಾರುವವನು ‘ಸಾಬ್, ಕಪಡಾ ಖರಾಬ್ ಹೋಗಾ’ ಎಂದು ತಡೆದರೆ ಇನ್ನಷ್ಟು ಹತ್ತಿರ ಹೋಗಿ. ಒಣ ಹುಲ್ಲನ್ನು ಮರದ ಕಡ್ಡಿಯಿಂದ ಕೆರೆದು ತೆಗೆದು, ಸ್ಕ್ರೂಡ್ರೈವರಿನ ಹಿಡಿಯಿಂದ ಅಲ್ಲಲ್ಲಿ ತಟ್ಟಿ. ಗಟ್ಟಿ ತಗಡು ಠಣ್ ಎನ್ನುತ್ತದೆ; ತಿಂದುಹೋದದ್ದು ಥಪ್ ಎಂದು ಸುಮ್ಮನಾಗುತ್ತದೆ. ಮುಖ್ಯವಾಗಿ ಎರಡು ಕಡೆ: ಹುಲ್ಲು ಹೊರಬೀಳುವ ಬಾಯಿಯ ಅಂಚು, ಸ್ಪಿಂಡಲ್ಲಿನ ಬೋಲ್ಟುಗಳ ಸುತ್ತ. ಅಂಚಿನಲ್ಲಿ ತೂತಿದ್ದರೆ ಬೆಲೆ ಇಳಿಸಿ ಕೊಳ್ಳಬಹುದು, ವೆಲ್ಡರ್ ತುಂಡು ಹಾಕಿಕೊಡುತ್ತಾನೆ. ಬೋಲ್ಟಿನ ಸುತ್ತ ಬಿರುಕೋ ತೇಪೆಯೋ ಇದ್ದರೆ ಎದ್ದು ಬನ್ನಿ. ಅಲ್ಲಿ ವೆಲ್ಡ್ ಮಾಡಿದ ಡೆಕ್ಕಿನಲ್ಲಿ ಸ್ಪಿಂಡಲ್ ಕೂದಲೆಳೆಯಷ್ಟು ವಾಲಿದರೂ ಬೆಲ್ಟು ಸವೆಯುತ್ತಲೇ ಇರುತ್ತದೆ, ಹುಲ್ಲು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುತ್ತದೆ. ಅಡಿಗೆ ಹೊಸದಾಗಿ ಕಪ್ಪು ಪೇಂಟ್ ಬಳಿದಿದ್ದರೆ ಅದು ಮುತುವರ್ಜಿ ಅಲ್ಲ, ಮುಚ್ಚುಮರೆ. ಯಾರೂ ನೋಡದ ಜಾಗಕ್ಕೆ ಯಾರು ಪೇಂಟ್ ಬಳಿಯುತ್ತಾರೆ?

ಅಲ್ಲೇ ಇರುವಾಗ ದಪ್ಪ ಕೈಗವಸು ಹಾಕಿ ಬ್ಲೇಡಿನ ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗ್ ಹೋಗಿದೆ. ಅದು ಸಣ್ಣ ಖರ್ಚು.

ಎಂಜಿನ್ ಪರೀಕ್ಷೆ ಇದಾದ ಮೇಲೆ. ಸ್ಟಾರ್ಟ್ ಮಾಡಿಸುವ ಮೊದಲು ಎಂಜಿನ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ನೀವು ಬರುವ ಮೊದಲೇ ಕಾಯಿಸಿಟ್ಟಿದ್ದಾರೆ, ಆರುವ ತನಕ ಕಾಯಿರಿ. ಆಯಿಲ್ ಕಡ್ಡಿ ಎಳೆದು ಮೂಸಿ: ಪೆಟ್ರೋಲ್ ವಾಸನೆ ಬಂದರೆ ಕಾರ್ಬ್ಯುರೇಟರ್ ಸೋರುತ್ತಿದೆ, ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ನೀಲಿ ಹೊಗೆ ನಿಲ್ಲದೆ ಬಂದರೆ ಬೇಡ. ಹೈಡ್ರೋಸ್ಟಾಟಿಕ್ ಆದರೆ ಕಾಲು ಗಂಟೆ ಓಡಿಸಿ ಬಿಸಿಯಾದ ಮೇಲೆ ಸಣ್ಣ ಏರಿನಲ್ಲಿ ಹತ್ತಿಸಿ. ಆಗ ಏದುಸಿರು ಬಿಟ್ಟರೆ ಅದರ ಆಯುಸ್ಸು ಮುಗಿದಿದೆ. ಕಡೆಗೆ ಬಯಲಿನಲ್ಲಿ, ಗಾಡಿ ನ್ಯೂಟ್ರಲ್‌ನಲ್ಲಿದ್ದು ಬ್ಲೇಡ್ ಸುತ್ತುತ್ತಿರುವಾಗ, ಕಾಲು ಪೆಡಲಿನ ಹಲಗೆಯಿಂದ ಇಳಿಸದೆ ಸೀಟಿನಿಂದ ತುಸು ಮೇಲೇಳಿ. ಎಂಜಿನ್ ತಕ್ಷಣ ಆರಬೇಕು. ಆರದಿದ್ದರೆ ಸೀಟಿನ ಸ್ವಿಚ್ಚಿಗೆ ಯಾರೋ ತಂತಿ ಸುತ್ತಿ ಬೈಪಾಸ್ ಮಾಡಿದ್ದಾರೆ. ಅದನ್ನು ಸರಿಪಡಿಸದೆ ಮಾಲಿಯ ಕೈಗೆ ಕೊಡುವುದು ಪಾಪ.

ಪೆಟ್ರೋಲಿನ ಕಿರಿಕಿರಿ

ಈಗ ಬಂಕುಗಳಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಇ20. ಇಂಥ ಸಣ್ಣ ಎಂಜಿನ್‌ಗಳ ಹಲವು ಕೈಪಿಡಿಗಳಲ್ಲಿ ಶೇ. 10ರ ತನಕ ಮಾತ್ರ ಒಪ್ಪಿಗೆ. ಹೊಸದು ಕೊಳ್ಳುವವರು ‘ಇ20 ಹಾಕಿದರೆ ವಾರಂಟಿ ನಿಲ್ಲುತ್ತದೆಯೇ?’ ಎಂಬುದಕ್ಕೆ ಬರವಣಿಗೆಯಲ್ಲೇ ಉತ್ತರ ಪಡೆಯಿರಿ. ಎಥೆನಾಲ್ ಗಾಳಿಯ ತೇವ ಹೀರುತ್ತದೆ; ಮುಂಬೈ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ತಿಂಗಳಿಗೆ ಮಿಕ್ಕಿ ನಿಲ್ಲಿಸುವುದಿದ್ದರೆ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ಆರುವ ತನಕ ಓಡಿಸಿ. ಕ್ಯಾನಿನಲ್ಲಿ ಹಳೆ ಪೆಟ್ರೋಲ್ ಇಟ್ಟುಕೊಳ್ಳಬೇಡಿ, ಸ್ಕೂಟರಿಗೆ ಸುರಿದುಬಿಡಿ.

ಜಾಗ ಕಡಿಮೆ, ಉಳಿದದ್ದು ಚುಟುಕಾಗಿ. ಹುಲ್ಲುಹಾಸಿನ ಮೇಲೆ ನಡೆದಾಗ ಹೆಜ್ಜೆ ಹೂತುಹೋಗುವಷ್ಟು ನೆಲ ಹಸಿಯಿದ್ದರೆ ಈ ಗಾಡಿ ಇಳಿಸಬೇಡಿ, ಚಕ್ರದ ಗುರುತು ದೀಪಾವಳಿ ತನಕ ಉಳಿಯುತ್ತದೆ. ಅಂಥ ವಾರಗಳಿಗೆಂದು ತಳ್ಳುವ ಮೋವರನ್ನೂ ಇಟ್ಟುಕೊಳ್ಳಿ. ಒಮ್ಮೆಗೆ ಹುಲ್ಲಿನ ಎತ್ತರದ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಕತ್ತರಿಸಿದ ಮರುದಿನ ಗರಿಕೆಯ ತುದಿ ಕಂದಿದ್ದರೆ ಬ್ಲೇಡ್ ಮೊಂಡಾಗಿದೆ. ಎರಡು ಬದಿ ಏರುಪೇರಾಗಿ ಕತ್ತರಿಸಿದರೆ ಡೆಕ್ಕನ್ನು ದೂರುವ ಮೊದಲು ಟೈರುಗಳ ಗಾಳಿ ಸಮ ಇದೆಯೇ ನೋಡಿ. ಡೆಕ್ ತೊಳೆದ ಮೇಲೆ ಎರಡು ನಿಮಿಷ ಬ್ಲೇಡ್ ಓಡಿಸಿ ನೀರು ಹಾರಿಸಿಯೇ ಒಳಗಿಡಿ. ಬ್ಯಾಟರಿ ಗಾಡಿಗಳು ದುಬಾರಿ. ಆದರೆ ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವಾಗಬಹುದು, ಅಲ್ಲಿ ಹಗಲಿನ ಮಿತಿ 50 ಡೆಸಿಬೆಲ್, ಅಂಥ ಕಡೆ ಯೋಚಿಸಬಹುದು. ಗಾಡಿ ತರಲು ಛೋಟಾ ಹಾಥಿ ಟೆಂಪೊ ಸಾಕು, ಜೊತೆಗೆ ಎರಡು ಗಟ್ಟಿ ಹಲಗೆ, ನಾಲ್ಕು ಜನ. ಹೈಡ್ರೋಸ್ಟಾಟಿಕ್ ಗಾಡಿಯನ್ನು ಬೈಪಾಸ್ ಲಿವರ್ ಎಳೆಯದೆ ತಳ್ಳಿದರೆ ಒಳಗಿನ ಪಂಪಿಗೇ ಪೆಟ್ಟು. ಲಿವರ್ ಸಾಧಾರಣವಾಗಿ ಹಿಂದಿನ ಚಕ್ರದ ಹತ್ತಿರ ಇರುತ್ತದೆ, ಮಾರುವವನಿಂದಲೇ ತೋರಿಸಿಕೊಂಡು ಬನ್ನಿ.