ಬಾಲಕ ರಯಾನ್ ವೈಟ್

ಗಾಯವಾದಾಗ ರಕ್ತವು ತಾನಾಗಿಯೇ ಹೆಪ್ಪುಗಟ್ಟುವುದು ಪ್ರಕೃತಿಯ ಏರ್ಪಾಡು. ಕುಸುಮರೋಗ ಅಥವಾ ಹಿಮೋಫಿಲಿಯಾ ಉಳ್ಳವರಲ್ಲಿ ಈ ಕಾರ್ಯಕ್ಕೆ ಬೇಕಾದ ಅಂಶವೊಂದರ ಕೊರತೆಯಿರುತ್ತದೆ.

ಅಮೆರಿಕದ ಕೊಕೊಮೊ ಪಟ್ಟಣದಲ್ಲಿ 1971ರಲ್ಲಿ ಜನಿಸಿದ ರಯಾನ್ ವೈಟ್ ಅಂತಹ ಬಾಲಕ. ದಾನಿಗಳ ರಕ್ತದಿಂದ ಬೇರ್ಪಡಿಸಿದ ಎಂಟನೆಯ ಅಂಶವೇ ಅವನಿಗೆ ಜೀವಾಧಾರವಾಗಿತ್ತು. ಸಾವಿರಾರು ದಾನಿಗಳ ಪ್ಲಾಸ್ಮಾವನ್ನು ಒಟ್ಟುಗೂಡಿಸಿ ಆ ಔಷಧವನ್ನು ತಯಾರಿಸುತ್ತಿದ್ದರು. ಒಬ್ಬ ದಾನಿಯಲ್ಲಿ ವೈರಸ್ ಇದ್ದರೂ ಅದೆಲ್ಲವೂ ದೂಷಿತವಾಗುವ ಅಪಾಯವಿತ್ತು. ಹೀಗೆ ಅನೇಕ ರೋಗಿಗಳಿಗೆ ಹೆಪಟೈಟಿಸ್ ಮತ್ತು ಎಚ್.ಐ.ವಿ. ಸೋಂಕುಗಳು ತಗುಲಿದವು. 1984ರ ಡಿಸೆಂಬರಿನಲ್ಲಿ ರಯಾನನಿಗೆ ಏಡ್ಸ್ ಇರುವುದು ತಿಳಿಯಿತು.

ರೋಗದ ನೋವಿಗೆ ಜನರ ಭೀತಿಯೂ ಸೇರಿತು. ಜೊತೆಯಲ್ಲಿ ಕುಳಿತು ಓದುವುದರಿಂದ ಈ ರೋಗ ಹರಡದೆಂದು ವೈದ್ಯರು ತಿಳಿಸಿದರೂ, 1985ರಲ್ಲಿ ಅವನಿಗೆ ಶಾಲಾ ಪ್ರವೇಶವನ್ನು ನಿರಾಕರಿಸಲಾಯಿತು. ಅವನು ಮನೆಯಲ್ಲಿಯೇ ಟೆಲಿಫೋನಿನ ಮೂಲಕ ಪಾಠ ಕೇಳಿದನು. ನ್ಯಾಯಾಲಯದಲ್ಲಿ ಹೋರಾಡಿ ಶಾಲೆಗೆ ಮರಳಿದನು. 1987ರಲ್ಲಿ ಅವನ ಕುಟುಂಬವು ಸಿಸೆರೊ ಎಂಬ ಊರಿಗೆ ಹೋದಾಗ, ರೋಗದ ವಿಷಯವನ್ನು ಮೊದಲೇ ಅರಿತಿದ್ದ ಅಲ್ಲಿನ ವಿದ್ಯಾರ್ಥಿಗಳು ಅವನ ಕೈಕುಲುಕಿ ಸ್ವಾಗತಿಸಿದರು.

1990ರ ಏಪ್ರಿಲ್ 8ರಂದು ರಯಾನ್ ಹದಿನೆಂಟರ ಹರೆಯದಲ್ಲಿ ತೀರಿಕೊಂಡನು. ಅದೇ ವರ್ಷ ಏಡ್ಸ್ ರೋಗಿಗಳ ನೆರವಿಗಾಗಿ ಅವನ ಹೆಸರಿನಲ್ಲಿ ಶಾಸನವಾಯಿತು. ರಕ್ತಪರೀಕ್ಷೆ ಮತ್ತು ಶಾಖಸಂಸ್ಕರಣಗಳು ಔಷಧದೊಳಗಿನ ವೈರಸ್ಸನ್ನು ತಡೆದವು. ಮನುಷ್ಯರ ಮನದೊಳಗಿನ ಭೀತಿಯನ್ನು ತಡೆಯಬಲ್ಲದ್ದು ತಿಳಿವಳಿಕೆಯೊಂದೇ.