ಮೋಟರ್ ಬಿಚ್ಚಿ, ಹ್ಯಾಂಡಲ್ ಹಾಕಿ: ಹಳೇ ಹೊಲಿಗೆ ಮಷಿನ್‌ಗೆ ಕೈಬಲ

ಹಳೇ ಕರೆಂಟ್ ಹೊಲಿಗೆ ಮಷಿನ್‌ನ ಮೋಟರ್ ಸುಟ್ಟುಹೋದ್ರೆ ಎಷ್ಟೋ ಸಲ ಇಡೀ ಮಷಿನ್ನೇ ಗುಜರಿಗೆ ಹೋಗುತ್ತೆ. ಆದರೆ ಒಳಗಿನ ಶಾಫ್ಟ್, ಕ್ಯಾಮ್, ಹುಕ್ ಎಲ್ಲಾ ಇನ್ನೂ ಗಟ್ಟಿಯಾಗಿರಬಹುದು. ಅದನ್ನ ಕೈಯಿಂದ ತಿರುಗಿಸೋ ಹಾಗೆ ಮಾಡೋದು ಹೇಗೆ ಅಂತ ನೋಡೋಣ.

ಉದಾಹರಣೆಗೆ ಸಿಂಗರ್ 99ಕೆ. ಇಲ್ಲಿ 'ಕೆ' ಅಂದ್ರೆ ಕಿಲ್ಬೋವಿ, ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ 1980ರವರೆಗೆ ಇದ್ದ ಕಾರ್ಖಾನೆ. ಇದೇ ಮಾಡೆಲ್ ಮೋಟರ್ ಜೊತೆಗೂ ಬರ್ತಿತ್ತು, ಹ್ಯಾಂಡಲ್ ಜೊತೆಗೂ ಬರ್ತಿತ್ತು. ಹಾಗಾಗಿ ನಾವು ಹೊಸದೇನೂ ಕಂಡುಹಿಡಿಯಬೇಕಿಲ್ಲ.

ಮೊದಲು ಏನು ನೋಡಬೇಕು?

ಚಕ್ರದ ಹತ್ತಿರ, ಕಂಬದ ಮೇಲೆ, ಬೋಲ್ಟ್ ತೂತಿರುವ ಒಂದು ಉಬ್ಬು ಇರುತ್ತೆ. ಅದೇ ಮೋಟರ್ ಬಾಸ್. ಮೋಟರ್ ಕೂರೋದೂ ಅಲ್ಲೇ, ಹ್ಯಾಂಡಲ್ ಸೆಟ್ ಕೂರೋದೂ ಅಲ್ಲೇ. ಸಿಂಗರ್ 201-2ರಲ್ಲಿ ಮೋಟರ್ ಮೈಗೇ ಸೇರಿಕೊಂಡು ಗೇರ್ ಮೂಲಕ ಶಾಫ್ಟ್ ತಿರುಗಿಸುತ್ತೆ. ಅಂಥದ್ದಕ್ಕೆ ಈ ವಿಧಾನ ನಡೆಯಲ್ಲ.

ಕೆಲಸದ ಕ್ರಮ

1. ಪ್ಲಗ್ ಕಿತ್ತಿಡಿ. ಹಳೇ ವೈರಿನ ಇನ್ಸುಲೇಶನ್ ಪುಡಿಯಾಗಿದ್ರೆ ಲೋಹದ ಮೈಯಿಂದ ಶಾಕ್ ಹೊಡೆಯಬಹುದು.

2. ಬೆಲ್ಟ್ ತೆಗೆದು, ಬೋಲ್ಟ್ ಬಿಚ್ಚಿ, ಮೋಟರ್ ಮತ್ತು ಲೈಟ್ ಎರಡನ್ನೂ ವೈರಿಂಗ್ ಸಮೇತ ಇಳಿಸಿ.

3. ಹ್ಯಾಂಡಲ್ ಸೆಟ್‌ನ ನಾಲಿಗೆ ಚಕ್ರದ ಸ್ಪೋಕ್‌ಗಳ ನಡುವೆ ಕೂತು ತಳ್ಳುತ್ತೆ. ಸ್ಪೋಕ್ ಇಲ್ಲದ ತುಂಬು ಚಕ್ರ ಇದ್ರೆ ಅದನ್ನ ಬದಲಿಸಲೇಬೇಕು. ಚಕ್ರದ ನಡುವಿನ ದೊಡ್ಡ ತಿರುಪಿನಲ್ಲಿರೋ ಚಿಕ್ಕ ಸ್ಕ್ರೂ ಮೊದಲು ಸಡಿಲಿಸಿ. ಒಳಗಿನ ವಾಷರ್ ಹೇಗೆ ಕೂತಿದೆ ಅಂತ ಫೋಟೋ ತೆಗೆದಿಡಿ. ಅದು ತಿರುಗುಮುರುಗಾದ್ರೆ ಕ್ಲಚ್ ಸರಿಯಾಗಿ ಕೆಲಸ ಮಾಡಲ್ಲ.

4. ಹ್ಯಾಂಡಲ್ ಸೆಟ್ ಬಾಸ್‌ಗೆ ಬಿಗಿದು, ನಾಲಿಗೆಯನ್ನ ಸ್ಪೋಕ್‌ಗಳ ನಡುವೆ ಇಳಿಸಿ, ಗೇರ್‌ಗೆ ಎಣ್ಣೆ ಹಾಕಿ.

ಹ್ಯಾಂಡಲ್ ತಿರುಗಿಸಬೇಕಾದ್ದು ನಮ್ಮಿಂದ ಆಚೆಗೆ. ಪಕ್ಕಪಕ್ಕದ ಎರಡು ಗೇರ್‌ಗಳು ವಿರುದ್ಧ ದಿಕ್ಕಲ್ಲಿ ತಿರುಗೋದರಿಂದ ಚಕ್ರ ನಮ್ಮ ಕಡೆಗೆ ಬರುತ್ತೆ. ಅದೇ ಸರಿಯಾದ ದಿಕ್ಕು.

ಲೆಕ್ಕ

ಗೇರ್ ರೇಶಿಯೊ ಸುಮಾರು 3. ಅಂದ್ರೆ ಹ್ಯಾಂಡಲ್ ಒಂದು ಸುತ್ತಿಗೆ ಮೂರು ಹೊಲಿಗೆ. ನಿಮಿಷಕ್ಕೆ 60 ಸುತ್ತು ತಿರುಗಿಸಿದ್ರೆ 180 ಹೊಲಿಗೆ. ಒಂದು ಹೊಲಿಗೆ 2.5 ಮಿ.ಮೀ. ಅಂದ್ರೆ ನಿಮಿಷಕ್ಕೆ 45 ಸೆಂ.ಮೀ. ಬಟ್ಟೆ.

ಇದು ಪುಕ್ಕಟೆ ಅಲ್ಲ. ಘರ್ಷಣೆ ಬಿಟ್ಟರೂ ಚಕ್ರಕ್ಕೆ ಬೇಕಾದ ಟಾರ್ಕ್‌ನ ಮೂರು ಪಟ್ಟು ನಮ್ಮ ಕೈ ಕೊಡಬೇಕು. ಚಕ್ರದ ಇನರ್ಶಿಯಾ ಹ್ಯಾಂಡಲ್ ಕಡೆಯಿಂದ ರೇಶಿಯೊದ ವರ್ಗದಷ್ಟು, ಅಂದ್ರೆ ಒಂಬತ್ತು ಪಟ್ಟು ಕಾಣುತ್ತೆ. ಅದಕ್ಕೇ ಶುರುವಲ್ಲಿ ಭಾರ. ವೇಗ ಬಂದಮೇಲೆ ಅದೇ ಇನರ್ಶಿಯಾ ಸೂಜಿ ದಪ್ಪ ಬಟ್ಟೆ ಚುಚ್ಚುವಾಗ ನಮಗೆ ಸಹಾಯ ಮಾಡುತ್ತೆ. ಕ್ಲಾಸಲ್ಲಿ ಓದೋ ಫ್ಲೈವೀಲ್ ಇದೇ.

ಯಾರಿಗೆ ಸರಿ?

ಬಲಗೈ ಹ್ಯಾಂಡಲ್ ಮೇಲಿರೋದರಿಂದ ಬಟ್ಟೆ ಹಿಡಿಯೋಕೆ ಎಡಗೈ ಒಂದೇ. ದಿನವಿಡೀ ಹೊಲಿದು ಸಂಪಾದಿಸುವ ಟೈಲರ್‌ಗೆ ಇದು ಸಾಲಲ್ಲ. ಅವರಿಗೆ ಹೊಸ ಮೋಟರ್ ಅಥವಾ ಕಾಲಿನ ಸ್ಟ್ಯಾಂಡ್ ಒಳ್ಳೇದು. ಹೊಲಿಗೆ ಕಲಿಯುವವರಿಗೆ, ಕರೆಂಟ್ ನಂಬೋಕಾಗದ ಮನೆಗೆ ಇದು ಚೆನ್ನಾಗಿ ಹೊಂದುತ್ತೆ. ಒಂದೊಂದೇ ಹೊಲಿಗೆ ಹಾಕಿ, ಬೇಕಾದಲ್ಲಿ ನಿಲ್ಲಿಸಬಹುದು.

ಎಲ್ಲೂ ಹೊಸ ತೂತು ಕೊರೆಯಬೇಡಿ. ಬಿಚ್ಚಿದ ಭಾಗಗಳನ್ನ ಒಂದು ಡಬ್ಬಿಗೆ ಹಾಕಿ, ಹೆಸರು ಬರೆದಿಡಿ. ಮುಂದೆ ಯಾರಾದರೂ ಮೋಟರ್ ವಾಪಸ್ ಹಾಕ್ಬೇಕು ಅಂದ್ರೆ ಆ ದಾರಿ ತೆರೆದಿರಲಿ.